ಅಜ್ಜಿಯ ಉತ್ತರಕ್ಕೆ ಬಿಟ್ಟ ಜಾಗ

ಅಪ್ಪನ ಧ್ವನಿಪೆಟ್ಟಿಗೆಯನ್ನು ಆಪರೇಶನ್ ಮಾಡಿ ತೆಗೆದ ಮರುವರ್ಷ ನನಗೆ ಕಲಾವಿದರ ಆ ರೆಸಿಡೆನ್ಸಿ ಸಿಕ್ಕಿತು.

ನಾವಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ನಾನು ಹುಟ್ಟಿದ್ದೂ ಇಲ್ಲೇ. ಟಿವಿ ಧಾರಾವಾಹಿಗಳಿಗೆ ಧ್ವನಿ ಸಂಕಲನ ಮಾಡುವುದು ನನ್ನ ಹೊಟ್ಟೆಪಾಡು. ಬಾಗಿಲು ಬಡಿದ ಸದ್ದು, ಬಳೆಯ ಸದ್ದು, ಅತ್ತೆ ತಿರುಗಿ ನೋಡಿದಾಗ ಮೂರು ಸಲ ಬರುವ ಢಣ್ ಸದ್ದು. ಅದರ ಜೊತೆಗೆ ಬಿಡುವಿದ್ದಾಗ ನನ್ನದೇ ಕೆಲವು ಪ್ರಯೋಗಗಳನ್ನು ಮಾಡುತ್ತಿದ್ದೆ. ಅವನ್ನು ಕೇಳಿದವರು ಕಡಿಮೆ, ಕೊನೆಯವರೆಗೆ ಕೂತು ಕೇಳಿದವರು ಇನ್ನೂ ಕಡಿಮೆ. ಹಾಗಾಗಿ ನವಿ ಮುಂಬಯಿಯ ಒಂದು ಟ್ರಸ್ಟಿನವರು ನನ್ನನ್ನು ಕರೆದು, ಮಳೆಗಾಲ ಪೂರ್ತಿ ನಮ್ಮಲ್ಲಿ ಕೆಲಸ ಮಾಡಿ, ಕೋಣೆ ಕೊಡುತ್ತೇವೆ, ಸ್ಪೀಕರು, ಮೈಕು, ಕಂಪ್ಯೂಟರು ಏನು ಬೇಕೋ ಕೊಡುತ್ತೇವೆ ಎಂದಾಗ ನನಗೆ ನಂಬಿಕೆಯೇ ಬರಲಿಲ್ಲ.

ಅದು ಮಹಾಪೆಯ ಕೈಗಾರಿಕಾ ಪ್ರದೇಶದಲ್ಲಿ ಮುಚ್ಚಿಹೋಗಿದ್ದ ಒಂದು ಬಣ್ಣದ ಕಾರ್ಖಾನೆ. ಶೆಡ್ಡಿನೊಳಗೆ ಗೋಡೆ ಎಬ್ಬಿಸಿ ಸ್ಟುಡಿಯೋಗಳನ್ನು ಮಾಡಿದ್ದರು. ಧ್ವನಿ, ವಿಡಿಯೋ, ಕಂಪ್ಯೂಟರ್ ಇಟ್ಟುಕೊಂಡು ಹೊಸದೇನಾದರೂ ಮಾಡಿ ನೋಡುವ ಕಲಾವಿದರಿಗೆ ಅಲ್ಲಿ ಜಾಗ. ನಿರ್ದೇಶಕಿ ಬಿಳಿ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದ, ಮೆದುವಾಗಿ ಮಾತಾಡುವ ಮರಾಠಿ ಹೆಂಗಸು. ಸಂದರ್ಶನದಲ್ಲಿ ಕೇಳಿದರು, "ಕೊನೆಯಲ್ಲಿ ನೋಡಲು ಬಂದವರಿಗೆ ಏನು ಕೇಳಿಸುತ್ತದೆ?"

"ಬಹುಶಃ ಹೆಚ್ಚೇನೂ ಕೇಳಿಸುವುದಿಲ್ಲ," ಅಂದೆ.

ಅವರು ನಕ್ಕುಬಿಟ್ಟರು. "ಹಾಗಾದರೆ ನೀವು ಸರಿಯಾದ ಜಾಗಕ್ಕೇ ಬಂದಿದ್ದೀರಿ. ಪ್ರಯೋಗ ಮಾಡಿ. ಕೈಕೊಟ್ಟರೆ ಕೈಕೊಟ್ಟಿತು ಅಂತಲೇ ತೋರಿಸಿ. ನಾವು ಬೇರೇನೂ ಕೇಳುವುದಿಲ್ಲ."

ಟ್ರೇನಿನಲ್ಲಿ ಮನೆಗೆ ಬರುವಾಗ ಆ ಮಾತನ್ನು ಎಷ್ಟು ಸಲ ನೆನಪಿಸಿಕೊಂಡೆನೋ. ಹಾಗೆ ಹೇಳುವವರು ನನ್ನ ಬದುಕಿನಲ್ಲಿ ಇನ್ನೊಬ್ಬರಿರಲಿಲ್ಲ.

ನಾನು ಮಾಡಬೇಕೆಂದಿದ್ದ ಕೆಲಸ ಅಪ್ಪನ ಕ್ಯಾಸೆಟ್ಟುಗಳದ್ದು. ಉಡುಪಿ ಹತ್ತಿರದ ಊರಿನಲ್ಲಿದ್ದ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಕಾಗದ ಬರೆದರೆ ಪಕ್ಕದ ಮನೆಯವರು ಓದಬೇಕು, ಓದಿದವರಿಗೆ ನಮ್ಮ ಮನೆಯದ್ದೆಲ್ಲ ತಿಳಿಯುತ್ತದೆ. ಅದಕ್ಕೆ ಅಪ್ಪ ಭಾನುವಾರ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಟೇಪ್ ರೆಕಾರ್ಡರಿನ ಎದುರು ಕೂತು, ತುಳುವಿನಲ್ಲಿ ಅಜ್ಜಿಯ ಜೊತೆ ಮಾತಾಡುತ್ತಿದ್ದರು. ಊರಿಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದರು. ಠಾಣೆ ಪಟ್ಟಣದ ಕಂಪನಿಯಲ್ಲಿ ಕ್ಲಾರ್ಕ್ ಆಗಿದ್ದ ಅಪ್ಪನಿಗೆ ಮೈಕಿನ ಮುಂದೆ ಮಾತಾಡುವುದು ಹೊಸದಲ್ಲ. ನಮ್ಮ ಗಲ್ಲಿಯ ಗಣಪತಿ ಮಂಡಳ, ಕನ್ನಡದವರ ಸಭೆ ಸಮಾರಂಭ, ಯಾವುದೇ ಇರಲಿ ಮೈಕು ಅಪ್ಪನದ್ದೇ. ಆದರೆ ಅಜ್ಜಿಯ ಕ್ಯಾಸೆಟ್ಟಿನ ಧ್ವನಿ ಬೇರೆ. ತಗ್ಗಿದ, ಅವಸರವಿಲ್ಲದ ಧ್ವನಿ. ಅಜ್ಜಿ ತೀರಿಕೊಂಡ ಮೇಲೆ ಅವೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಡೊಂಬಿವಲಿಗೆ ವಾಪಸ್ ಬಂದವು.

ಅಪ್ಪನ ಆಪರೇಶನ್ ಆದ ಮೇಲೆ ಆ ಡಬ್ಬಿಯನ್ನು ತೆಗೆದೆ. ಗಂಟಲಿನ ಕ್ಯಾನ್ಸರು. ಕೊರಳಲ್ಲಿ ಉಸಿರಾಟಕ್ಕೆ ಒಂದು ತೂತು ಉಳಿದಿತ್ತು, ಅದರ ಮೇಲೆ ಅಮ್ಮ ಹೊಲಿದ ಬಿಳಿ ಬಟ್ಟೆ. ಮಾತಾಡಬೇಕಾದರೆ ಗದ್ದದ ಕೆಳಗೆ ಟಾರ್ಚಿನಂಥ ಒಂದು ಯಂತ್ರ ಒತ್ತಿ ತುಟಿ ಆಡಿಸುತ್ತಿದ್ದರು. ಯಂತ್ರ ಝೇಂಕರಿಸುತ್ತಿತ್ತು, ಅದರಲ್ಲಿ ಮಾತನ್ನು ನಾವು ಹುಡುಕಿಕೊಳ್ಳಬೇಕಿತ್ತು. ಸಿಟ್ಟೂ ಒಂದೇ ರಾಗ, ಪ್ರೀತಿಯೂ ಒಂದೇ ರಾಗ.

ಕ್ಯಾಸೆಟ್ ಕೇಳುತ್ತ ಕೂತಾಗ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಅಪ್ಪ ಅಜ್ಜಿಗೆ ಪ್ರಶ್ನೆ ಕೇಳುತ್ತಿದ್ದರು. ಕಾಲುನೋವು ಹೇಗುಂಟು, ದನ ಕರು ಹಾಕಿತಾ, ಎಂದು ಕೇಳಿ ಸುಮ್ಮನಾಗುತ್ತಿದ್ದರು. ಅಜ್ಜಿ ಉತ್ತರ ಹೇಳಿ ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಟೇಪು ಸುಮ್ಮನೆ ಓಡುತ್ತಿತ್ತು. ಆಮೇಲೆ "ಹಾಂ" ಎಂದು ಮುಂದಿನ ಮಾತಿಗೆ ಹೋಗುತ್ತಿದ್ದರು. ಆ ಬಿಡುವಿನಲ್ಲಿ ಸ್ಟೋವಿನ ಸದ್ದು, ದೂರದ ಲೋಕಲ್ ಟ್ರೇನಿನ ಹಾರ್ನು, ಅಪ್ಪನ ಉಸಿರು. ನಾನು ಮಾಡಬೇಕೆಂದಿದ್ದು ಇಷ್ಟೇ: ಮಾತನ್ನೆಲ್ಲ ತೆಗೆದು, ಅಜ್ಜಿಯ ಉತ್ತರಕ್ಕೆ ಅಪ್ಪ ಬಿಟ್ಟ ಆ ಜಾಗಗಳನ್ನು ಮಾತ್ರ ಜೋಡಿಸಿ ಒಂದು ಕೋಣೆಯಲ್ಲಿ ಕೇಳಿಸುವುದು.

ಅಪ್ಪನನ್ನು ಕೇಳಿದೆ. ಅವರು ಯಂತ್ರ ಒತ್ತಿ, "ಅಮ್ಮನ ಹತ್ತಿರ ಮಾತಾಡಿದ್ದು ಊರಿಗೆಲ್ಲ ಎಂತಕ್ಕೆ?" ಅಂದರು.

"ಮಾತು ಹಾಕುವುದಿಲ್ಲ ಅಪ್ಪ. ಮಾತಿನ ನಡುವಿನದ್ದು ಮಾತ್ರ."

"ನಡುವೆ ಎಂತ ಉಂಟು?"

ಒಂದು ತುಣುಕು ಕೇಳಿಸಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಆಮೇಲೆ, "ಹಾಕು. ನಿನ್ನ ಅಮ್ಮನ ಅಡುಗೆ ಬಗ್ಗೆ ದೂರಿದ್ದು ಮಾತ್ರ ಹಾಕಬೇಡ," ಅಂದರು. ಒಳಗಿನಿಂದ ಅಮ್ಮ, "ನನಗೆ ಗೊತ್ತುಂಟು ಎಂತೆಲ್ಲ ದೂರಿದ್ದೀರಿ ಅಂತ," ಎಂದು ಕೂಗಿದರು.

ಕಂಪ್ಯೂಟರಿನ ಕೆಲಸಕ್ಕೆ ಜೊತೆಗಾರರನ್ನು ಇಟ್ಟುಕೊಳ್ಳಬಹುದು ಎಂದು ರೆಸಿಡೆನ್ಸಿಯವರು ಹೇಳಿದ್ದರು. ಹಿಂದೆಮುಂದೆ ನೋಡದೆ ನನ್ನ ಗೆಳತಿಯನ್ನು ಕರೆದೆ.

ಅವಳು ಕಲ್ಯಾಣ ಪೂರ್ವದವಳು. ವಿಜಯಪುರದ ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ಸೇರಿ, ಕೊನೆಗೆ ಆಳುಗಳ ಮೇಲಿನ ಮುಕಾದಮ ಆದವರ ಮಗಳು. ಠಾಣೆಯ ಕಾಲೇಜಿಗೆ ಹೋಗುವಾಗ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಪರಿಚಯವಾಯಿತು. ನಾನು ಫೋನಿನಲ್ಲಿ ಯಾರ ಜೊತೆಗೋ ಕನ್ನಡ ಮಾತಾಡಿದ್ದನ್ನು ಕೇಳಿ, "ಏನವಾ, ಪುಸ್ತಕ ಓದಿದಂಗ ಮಾತಾಡ್ತೀ," ಎಂದು ನಕ್ಕಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಅವಳು ಉಣ್ಣದ ವಾರವಿಲ್ಲ. ಅಪ್ಪನಿಗೆ ಅವಳು ಕಾಕಾ ಅನ್ನುತ್ತಿದ್ದಳು. ಅಪ್ಪ ಅವಳಿಗೆ ಬಿಜಾಪುರ ಅನ್ನುತ್ತಿದ್ದರು. "ಬಿಜಾಪುರ ಬಂತು, ಇನ್ನೆರಡು ದೋಸೆ ಹೊಯ್ಯಿ," ಎಂದು ಅಮ್ಮನಿಗೆ ಕೂಗುತ್ತಿದ್ದರು. ಕಾಲೇಜು ಮುಗಿದು ಅವಳು ಐರೋಲಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದಳು, ಅಲ್ಲಿ ಬೇಸತ್ತು ಬಿಟ್ಟಳು, ಕಲಾವಿದರ ಜೊತೆ ಸೇರಿ ಪರದೆ, ಕೈಯಾಡಿಸಿದರೆ ತಿಳಿಯುವ ಸೆನ್ಸರು ಎಂದು ಏನೇನೋ ಮಾಡುತ್ತಿದ್ದಳು. ಎಲ್ಲ ಕಡೆ ಬೇರೆಯವರ ಕೆಲಸಕ್ಕೆ ಅವಳ ಕೈ, ಹೆಸರು ಮಾತ್ರ ಅವರದ್ದು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನೂ ಅವಳೂ ಸರದಿಯಲ್ಲಿ ಕೂತಿದ್ದೆವು. ಅಪ್ಪನಿಗೆ ಮಾತು ಹೋಗಿದೆ ಎಂದು ಡಾಕ್ಟರು ಹೇಳಿದಾಗ ನನಗಿಂತ ಮೊದಲು ಅತ್ತವಳು ಅವಳು.

ಬೆಳಿಗ್ಗೆ ಅವಳು ಕಲ್ಯಾಣದಲ್ಲಿ ಹತ್ತಿ ನನಗೆ ಜಾಗ ಹಿಡಿದಿರುತ್ತಿದ್ದಳು. ಠಾಣೆಯಲ್ಲಿ ಇಳಿದು ವಾಶಿ ಕಡೆಯ ಗಾಡಿ ಹಿಡಿದು ಘನ್ಸೋಲಿ, ಅಲ್ಲಿಂದ ರಿಕ್ಷಾ. ದಾರಿಯಿಡೀ ಅದೇ ಮಾತು. ಕೋಣೆ ಎಷ್ಟು ಕತ್ತಲಿರಬೇಕು, ಕುರ್ಚಿ ಯಾವುದಿರಬೇಕು. ಟೇಪಿನ ಗೊರಗೊರವನ್ನು ಕಡಿಮೆ ಮಾಡಲು ಕಂಪ್ಯೂಟರಿಗೆ ಅಪ್ಪನ ಧ್ವನಿಯ ಗುರುತು ಹಿಡಿಸಬೇಕು ಎಂದಳು. ಅದಕ್ಕೆ ಎಲ್ಲ ಕ್ಯಾಸೆಟ್ಟಿನ ಎಲ್ಲ ಮಾತೂ ಬೇಕು.

"ಎಲ್ಲ ಕೊಡ್ತೀನಿ," ಅಂದೆ. "ಆದರೆ ಅಪ್ಪ ಹೇಳದೆ ಇದ್ದದ್ದನ್ನು ಅಪ್ಪನ ಬಾಯಲ್ಲಿ ಹೇಳಿಸುವುದು ಬೇಡ. ಆ ಆಟ ಎಲ್ಲರೂ ಆಡ್ತಾರೆ."

"ಹುಚ್ಚಿ, ಕಾಕಾನ ಧ್ವನೀಲೆ ನಾ ಆಟ ಆಡ್ತೀನೇನ?" ಎಂದು ನನ್ನ ತಲೆಗೆ ಮೆಲ್ಲಗೆ ಹೊಡೆದಳು.

ಮಳೆ ಬಿರುಸಾಗಿದ್ದ ತಿಂಗಳಲ್ಲಿ ನಿರ್ದೇಶಕಿ ಹೊರದೇಶದ ಇಬ್ಬರು ಅತಿಥಿಗಳನ್ನು ನಮ್ಮ ಕೋಣೆಗೆ ಕರೆದುಕೊಂಡು ಬಂದರು. ಅವರು ಕೂತರು, ಕೇಳಿದರು, ನಯವಾಗಿ ತಲೆಯಾಡಿಸಿ ಎದ್ದರು. ಹೊರಗೆ ಹೋಗುತ್ತ ನಿರ್ದೇಶಕಿ ಹಿಂದಿ ಇಂಗ್ಲಿಷ್ ಬೆರೆಸಿ ಕೇಳಿದರು, "ಬಂದವರು ಇಲ್ಲಿ ಕೂತು ಕೇಳುವುದು ಮಾತ್ರವೇ? ಅವರಿಗೆ ಮಾಡಲು ಏನೂ ಇಲ್ಲವೇ?"

ಆ 'ಮಾತ್ರವೇ' ನನಗೆ ಚುಚ್ಚಿತು. ಗೆಳತಿಗೆ ಬೇರೆ ರೀತಿ ಕೇಳಿಸಿತ್ತು ಎಂದು ಆಮೇಲೆ ತಿಳಿಯಿತು. ಅಂದು ಸಂಜೆ ಘನ್ಸೋಲಿ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುವಾಗ ಅವಳು, "ಮಂದಿಗೆ ಏನರ ಕೈಗೆ ಕೊಡಬೇಕು ನೋಡ. ಇಲ್ಲಾಂದ್ರ ಎದ್ದು ಹೋಗ್ತಾರ," ಅಂದಳು.

"ಹೋಗಲಿ ಬಿಡು. ಅದೂ ಒಂದು ಉತ್ತರವೇ."

ಅವಳು ಠಾಣೆಯವರೆಗೂ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ನಾನು ಅವಳಿಗೆ ದಣಿವಾಗಿದೆ ಅಂದುಕೊಂಡೆ.

ಮಳೆಗಾಲದ ಕೊನೆಗೆ ಎಲ್ಲ ಕಲಾವಿದರೂ ತಮ್ಮ ಕೆಲಸವನ್ನು ಜನರಿಗೆ ತೋರಿಸುವ ದಿನ ಬಂತು. ಅದರ ಹಿಂದಿನ ದಿನ ಅಪ್ಪನ ತಪಾಸಣೆ ಇತ್ತು. "ನೀ ಕಾಕಾನ ಕರ್ಕೊಂಡು ದವಾಖಾನಿಗೆ ಹೋಗು. ತಂತಿ, ಸ್ಪೀಕರ್ ಎಲ್ಲಾ ನಾ ನೋಡ್ಕೋತೀನಿ," ಅಂದಳು. ಸಂಜೆ ಫೋನ್ ಮಾಡಿದರೆ, "ಎಲ್ಲಾ ತಯಾರ ಅದ, ಆರಾಮ ಮಲಕೋ," ಅಂದಳು.

ಮರುದಿನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದೆ. ಅಪ್ಪ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ಹಾಕಿದ್ದರು. ಕೊರಳಿನ ಬಟ್ಟೆಗೂ ಅಮ್ಮ ಇಸ್ತ್ರಿ ಹಾಕಿದ್ದರು. ಠಾಣೆಯಲ್ಲಿ ಗಾಡಿ ಬದಲಿಸುವಾಗ ಮೆಟ್ಟಿಲ ಮೇಲೆ ಸ್ವಲ್ಪ ನಿಂತು ಉಸಿರು ತೆಗೆದುಕೊಂಡು ಹೋದೆವು. ಶೆಡ್ಡಿನ ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ನಮ್ಮ ಕೋಣೆಯ ಎದುರು ಸಾಲು ನಿಂತಿತ್ತು. ಸಾಲು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಒಳಗಿನಿಂದ ನಗು ಕೇಳಿಸುತ್ತಿತ್ತು.

ಬಾಗಿಲಿಗೆ ಹಾಕಿದ್ದ ಕಪ್ಪು ಪರದೆ ತೆಗೆದಿದ್ದರು. ಕೋಣೆ ಬೆಳಕಾಗಿತ್ತು. ನಾನಿಟ್ಟಿದ್ದ ಕುರ್ಚಿಗಳಿರಲಿಲ್ಲ. ನಡುವೆ ಒಂದು ಮೇಜು, ಮೇಜಿನ ಮೇಲೆ ಕೀಬೋರ್ಡು. ಕಾಲೇಜು ಹುಡುಗರ ಗುಂಪೊಂದು ಏನೋ ಟೈಪ್ ಮಾಡಿ ಕಾಯುತ್ತಿತ್ತು. ಆಮೇಲೆ ಅಪ್ಪನ ಧ್ವನಿ ಬಂತು. ಅಜ್ಜಿಯ ಕಾಲುನೋವು ವಿಚಾರಿಸುವ ಅದೇ ತಗ್ಗಿದ, ಅವಸರವಿಲ್ಲದ ಧ್ವನಿ, ಹಿಂದಿಯಲ್ಲಿ. "ಮೈ ಬಹುತ್ ಹ್ಯಾಂಡ್ಸಮ್ ಹೂಂ. ಮುಝೆ ವಡಾಪಾವ್ ಖಿಲಾವ್."

ಹುಡುಗರು ಬಿದ್ದು ಬಿದ್ದು ನಕ್ಕರು.

ಅಮ್ಮ ನನ್ನ ಕೈ ಹಿಡಿದುಕೊಂಡರು. ಅಪ್ಪನನ್ನು ನೋಡಲು ಧೈರ್ಯವಾಗಲಿಲ್ಲ. ಗೆಳತಿ ಗೋಡೆಯ ಹತ್ತಿರ ನಿಂತು ನಮ್ಮನ್ನೇ ನೋಡುತ್ತಿದ್ದಳು, ಅವಳ ಪಕ್ಕದಲ್ಲಿ ನಿರ್ದೇಶಕಿ.

ಆಗ ಅಪ್ಪ ನನ್ನನ್ನು ದಾಟಿ ಮುಂದೆ ಹೋದರು. ಯಾರೋ ಅವರಿಗೆ ಜಾಗ ಬಿಟ್ಟರು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಟೈಪ್ ಮಾಡಿದರು. ಸ್ಪೀಕರಿನಿಂದ ಅಪ್ಪನ ಧ್ವನಿ ಹೇಳಿತು, "ದಯವಿಟ್ಟು ಎಲ್ಲರೂ ಕುಳಿತುಕೊಳ್ಳಿ. ಕಾರ್ಯಕ್ರಮ ಈಗ ಪ್ರಾರಂಭವಾಗುತ್ತದೆ."

ಗಣಪತಿ ಮಂಡಳದಲ್ಲಿ ವರ್ಷ ವರ್ಷ ಹೇಳಿದ ಮಾತು. ಉಚ್ಚಾರ ಸ್ವಲ್ಪ ಹಿಂದಿಯ ಕಡೆಗೆ ವಾಲಿತ್ತು, ಆದರೆ ಧ್ವನಿ ಅವರದ್ದೇ. ಕನ್ನಡ ಬಾರದ ಜನಕ್ಕೂ ಏನೋ ಅರ್ಥವಾಗಿ ಚಪ್ಪಾಳೆ ಹೊಡೆದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಗೆಳತಿ ಫೋನ್ ಹಿಡಿದು ಎದುರು ಬಂದಳು. "ಹೆಂಗನಸ್ತು ಕಾಕಾ? ಇರ್ಲಿ?"

ಅಪ್ಪ ಯಂತ್ರ ಒತ್ತಿ, "ಚೆನ್ನಾಗುಂಟು. ಇರಲಿ," ಅಂದರು. ಅವಳು ಅದನ್ನು ವಿಡಿಯೋ ಮಾಡಿಕೊಂಡಳು.

ಶೆಡ್ಡಿನ ಹಿಂದೆ ಹಳೆಯ ಬಣ್ಣದ ಡ್ರಮ್ಮುಗಳಿದ್ದ ಕಡೆ ಅವಳನ್ನು ಎಳೆದುಕೊಂಡು ಹೋದೆ. "ಏನು ಮಾಡಿದೆ ನೀನು? ಒಪ್ಪಿದ್ದು ಏನು, ಮಾಡಿದ್ದು ಏನು?"

"ಮೇಡಂ ನಿನ್ನೆ ನೋಡಿದ್ರು. ಇದನ್ನ ಇಡು ಅಂದ್ರು."

"ನಿನ್ನೆ ಒಂದು ದಿನದಲ್ಲಿ ಇದನ್ನು ಮಾಡಿದೆಯಾ?"

ಒಂದು ದಿನದಲ್ಲಿ ಆಗುವ ಕೆಲಸ ಅದಲ್ಲ ಎಂದು ನನಗೂ ಗೊತ್ತಿತ್ತು. ನಾವಿಬ್ಬರೂ ಟ್ರೇನಿನಲ್ಲಿ ಅಂಟಿಕೊಂಡು ಕೂತು ಕುರ್ಚಿಯ ಬಣ್ಣ ಮಾತಾಡುತ್ತಿದ್ದ ದಿನಗಳಲ್ಲೇ ಅವಳು ಇದನ್ನು ಮಾಡುತ್ತಿದ್ದಳು.

"ನನ್ನ ಹತ್ತಿರ ಹೇಳಬಹುದಿತ್ತಲ್ಲ?"

"ಹೇಳಿದ್ರ ನೀ ಬ್ಯಾಡ ಅಂತಿದ್ದಿ." ಅವಳ ಧ್ವನಿ ಒಮ್ಮೆಲೇ ಏರಿತು. "ನಿನಗ ಸುಮ್ಮನಿರೂದು ಕಲೆ. ನಮ್ಮ ಮನ್ಯಾಗ ಸುಮ್ಮನಿದ್ರ ಯಾರೂ ಕೇಳ್ತಿದ್ದಿಲ್ಲ. ಎಲ್ಲಾರ ಕೆಲಸಾ ನಾ ಮಾಡಿಕೊಟ್ಟೀನಿ. ಒಮ್ಮೆರೆ ನನ್ನದು ಅಂತ ಒಂದು ಬ್ಯಾಡೇನ?"

"ಅದು ನನ್ನ ಅಪ್ಪನ ಧ್ವನಿ."

"ಕಾಕಾ ಖುಷಿ ಆಗ್ಯಾರ. ನೀನ ನೋಡಿದೆಲ್ಲ."

ಅವಳನ್ನು ಅಲ್ಲೇ ಬಿಟ್ಟು ನಿರ್ದೇಶಕಿಯ ಹತ್ತಿರ ಹೋದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಪ್ರಯೋಗ ಅಂದರೆ ಹೀಗೇ. ನಾವು ಅಂದುಕೊಂಡ ಕಡೆಗೆ ಅದು ಹೋಗುವುದಿಲ್ಲ. ಮೂಲ ಕಲ್ಪನೆ ನಿಮ್ಮದು ಅಂತ ಎಲ್ಲರಿಗೂ ಹೇಳುತ್ತಿದ್ದೇನೆ," ಅಂದರು. ಮಾತು ಮೊದಲಿನಷ್ಟೇ ಮೆದು. ಆ ಮೆದುತನವನ್ನೇ ನಾನು ನಂಬಿದ್ದು.

ಅದಕ್ಕಿಂತ ಹೆಚ್ಚು ನೋವಾದದ್ದು ಮನೆಯಲ್ಲಿ. ಅಪ್ಪನಿಗೆ ಆ ಧ್ವನಿ ಬೇಕಾಗಿತ್ತು. ಮರುವಾರ ಗೆಳತಿ ನಾನಿಲ್ಲದ ಹೊತ್ತಿನಲ್ಲಿ ಮನೆಗೆ ಬಂದು ಅಪ್ಪನ ಫೋನಿಗೆ ಹಾಕಿಕೊಟ್ಟು ಹೋಗಿದ್ದಳು. ಟೈಪ್ ಮಾಡಿದರೆ ಫೋನು ಮಾತಾಡುತ್ತಿತ್ತು.

"ಅವಳು ನನಗೆ ಮೋಸ ಮಾಡಿದಳು ಅಪ್ಪ," ಅಂದೆ.

ಅಪ್ಪ ಟೈಪ್ ಮಾಡಿದರು. ಫೋನಿನಿಂದ ಅವರ ಹಳೆಯ ಧ್ವನಿ ಬಂತು. "ನಿನಗೆ ಎಂತ ಕಷ್ಟ ಮಾರಾಯ್ತಿ? ನನ್ನ ಮಾತು ನನಗೆ ವಾಪಸ್ ಬಂತಲ್ಲ."

ನಾನು ಎದ್ದು ಬಾಲ್ಕನಿಗೆ ಹೋದೆ. ನನ್ನ ಅಪ್ಪನೂ ಅವಳ ಕಡೆಗೆ ಹೋದರು ಎಂದು ಆ ದಿನ ಅನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಯಿತು, ಆದರೂ ಅನಿಸಿಕೆ ಹೋಗಲಿಲ್ಲ.

ಕೆಲವು ವಾರ ಮನೆಯಲ್ಲಿ ಮಾತು ತುಂಬಿಕೊಂಡಿತು. ಅಪ್ಪ ಫೋನ್ ಹಿಡಿದುಕೊಂಡು ತರಕಾರಿಯವನ ಜೊತೆ ಮರಾಠಿಯಲ್ಲಿ ಚೌಕಾಶಿ ಮಾಡಿದರು. ಊರಿನಲ್ಲಿರುವ ತಂಗಿಗೆ, ನನ್ನ ಅತ್ತೆಗೆ, ಫೋನಿನಲ್ಲಿ ಕೇಳಿಸಿದರು. ಅತ್ತೆ ಹೆದರಿ ಫೋನಿಟ್ಟು, ಆಮೇಲೆ ತಾವೇ ಮಾಡಿ ಗೊಳೋ ಎಂದು ಅತ್ತರು. ಬಿಲ್ಡಿಂಗಿನ ಮೀಟಿಂಗಿನಲ್ಲಿ ನೀರಿನ ವಿಷಯ ಮಾತಾಡಿ ಬಂದರು. ಅಮ್ಮ ಒಮ್ಮೆ ನನ್ನ ಹತ್ತಿರ ಮೆಲ್ಲಗೆ, "ಅಡುಗೆಮನೆಯಲ್ಲಿದ್ದರೆ ಮೊದಲಿನ ಹಾಗೇ ಇದ್ದಾರೆ ಅಂತ ಆಗುತ್ತದೆ. ಹೊರಗೆ ಬಂದು ಮುಖ ನೋಡಿದರೆ ಅಲ್ಲ," ಅಂದರು. ಆದರೂ ಅಪ್ಪ ಹಗುರಾಗಿದ್ದರು. ನೋಡನೋಡುತ್ತ ನನ್ನ ಸಿಟ್ಟೂ ಇಳಿಯಿತು. ಅವಳಿಗೆ ಫೋನ್ ಮಾಡಬೇಕು, ಊಟಕ್ಕೆ ಬಾ ಎನ್ನಬೇಕು ಎಂದು ಯೋಚಿಸುತ್ತಿದ್ದೆ.

ಒಂದು ಬೆಳಿಗ್ಗೆ ಅಪ್ಪ ಟೈಪ್ ಮಾಡಿದರು. ಫೋನು ಮಾತಾಡಲಿಲ್ಲ. ಅಪ್ಪ ಅದನ್ನು ಬಂದ್ ಮಾಡಿ ಚಾಲೂ ಮಾಡಿದರು. ಸ್ಟೇಷನ್ ಹತ್ತಿರದ ಮೊಬೈಲ್ ರಿಪೇರಿಯವನ ಹತ್ತಿರ ಒಯ್ದರು. ಅವನು ಫೋನು ಸರಿ ಇದೆ ಅಂದ. ಅಪ್ಪ ಗೆಳತಿಗೆ ಮೆಸೇಜ್ ಕಳಿಸಿದರು: ಬಿಜಾಪುರ, ಮಾತು ಬರುವುದಿಲ್ಲ. ಅವಳು ಅದನ್ನು ಓದಿದ್ದಾಳೆಂದು ಫೋನು ತೋರಿಸಿತು. ಉತ್ತರ ಬರಲಿಲ್ಲ. ಮರುದಿನವೂ ಕಳಿಸಿದರು. ಅವಳಿಗೆ ಹುಷಾರಿಲ್ಲವೋ ಏನೋ, ಹೋಗಿ ನೋಡಿ ಬಾ, ಎಂದು ಯಂತ್ರ ಒತ್ತಿ ನನ್ನನ್ನು ಕಳಿಸಿದವರೂ ಅವರೇ.

ಅವಳ ಫೋನು ಹತ್ತಲಿಲ್ಲ. ಕಲ್ಯಾಣದ ಅವಳ ಮನೆಗೆ ಬೀಗ. ನಾನು ಮಹಾಪೆಗೆ ಹೋದೆ. ನಿರ್ದೇಶಕಿ ಖುಷಿಯ ಸುದ್ದಿ ಹೇಳುವವರಂತೆ ಹೇಳಿದರು, "ನಿಮಗೆ ಗೊತ್ತಿಲ್ಲವೇ? ಮಳೆಗಾಲದಲ್ಲಿ ಬಂದಿದ್ದರಲ್ಲ ಆ ಹೊರದೇಶದ ಅತಿಥಿಗಳು, ಅವಳ ಹೊಸ ಕೆಲಸದ ವಿಡಿಯೋ ನೋಡಿ ತಮ್ಮ ದೇಶದ ರೆಸಿಡೆನ್ಸಿಗೆ ಅವಳನ್ನು ಕರೆಸಿಕೊಂಡರು. ಆ ಕೆಲಸವನ್ನು ದೊಡ್ಡದಾಗಿ ಮಾಡುತ್ತಿದ್ದಾಳೆ. ಹಳೆಯದನ್ನು ನಡೆಸುತ್ತಿದ್ದ ಇಲ್ಲಿನ ಕಂಪ್ಯೂಟರನ್ನು ಬಂದ್ ಮಾಡಿದೆವು."

"ನನ್ನ ಅಪ್ಪನ ಫೋನು ಅದರಿಂದಲೇ ಮಾತಾಡುತ್ತಿತ್ತು."

"ಹೌದೇ?" ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ಒಂದು ಕ್ಷಣ ಮುಜುಗರಪಟ್ಟರು. ಆಮೇಲೆ, "ಧ್ವನಿ ಬಳಸಲು ನಿಮ್ಮ ತಂದೆ ಒಪ್ಪಿದ ವಿಡಿಯೋ ನಮ್ಮ ಹತ್ತಿರ ಇದೆ. ಅದನ್ನು ಅವಳೇ ಕೊಟ್ಟಳು," ಅಂದರು.

ಚೆನ್ನಾಗುಂಟು, ಇರಲಿ. ಅಪ್ಪನ ಆ ಮಾತು, ಯಂತ್ರದ ಝೇಂಕಾರದಲ್ಲಿ ಹೇಳಿದ್ದು, ಅವರ ನಿಜವಾದ ಧ್ವನಿಯನ್ನು ಹಡಗು ಹತ್ತಿಸಲು ಸಾಕಾಗಿತ್ತು.

ಹೊರದೇಶದ ಪ್ರದರ್ಶನದ ವಿಡಿಯೋ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ದೊಡ್ಡ ಬಿಳಿ ಹಾಲು. ಕೋಟು ಹಾಕಿದ ಜನ. ಎಲ್ಲೆಡೆಯಿಂದ ಅಪ್ಪನ ಧ್ವನಿ ಇಂಗ್ಲಿಷಿನಲ್ಲಿ ಸ್ವಾಗತ ಹೇಳುತ್ತಿತ್ತು, ವಲಸೆ ಬಂದವನ ಒಂಟಿತನದ ಬಗ್ಗೆ ಉದ್ದಕ್ಕೆ ಏನೋ ಹೇಳುತ್ತಿತ್ತು. ಅಪ್ಪನ ಹೆಸರಿರಲಿಲ್ಲ. ಮುಂಬಯಿಯ ಒಬ್ಬ ಅನಾಮಧೇಯ ವಲಸಿಗನ ಧ್ವನಿ ಎಂದು ಬರೆದಿತ್ತು. ಕಲಾವಿದೆ ಅವಳೊಬ್ಬಳೇ.

ಅಪ್ಪನಿಗೆ ತೋರಿಸಬಾರದು ಎಂದುಕೊಂಡಿದ್ದೆ. ಆದರೆ ಅವರು ಇನ್ನೂ ಅವಳ ಆರೋಗ್ಯ ಕೇಳುತ್ತಿದ್ದರು. ತೋರಿಸಿದೆ. ಪೂರ್ತಿ ನೋಡಿದರು. ಯಂತ್ರ ಎತ್ತಿಕೊಂಡು, "ಇವನ ಇಂಗ್ಲಿಷ್ ನನಗಿಂತ ಚೆನ್ನಾಗುಂಟು," ಅಂದರು. ನಾನು ನಗಲು ಹೋದೆ. ಅವರು ನಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ನನಗೆ ಯಾರೂ ಇರಲಿಲ್ಲ ಅಂತ ಹೇಳುತ್ತಾನಲ್ಲ ಇವನು. ನಾನು ಯಾವಾಗ ಹಾಗೆ ಹೇಳಿದ್ದೆ?"

ಆ ದಿನದಿಂದ ಅಪ್ಪ ಅವಳ ಹೆಸರೆತ್ತಲಿಲ್ಲ. ಯಂತ್ರವನ್ನೂ ಮುಟ್ಟಲಿಲ್ಲ. ಬೇಕಾದ್ದನ್ನು ಕೈಸನ್ನೆಯಲ್ಲಿ ಹೇಳುತ್ತಿದ್ದರು. ಮೊದಲನೆಯ ಸಲ ಮಾತು ಹೋದಾಗ ಕಾಯಿಲೆ ಎಂದು ಒಪ್ಪಿಕೊಂಡಿದ್ದರು. ಈ ಸಲ ಮನೆಯಲ್ಲಿ ಉಂಡು ಹೋದವಳೊಬ್ಬಳು ತೆಗೆದುಕೊಂಡು ಹೋಗಿದ್ದಳು. ಒಂದು ದಿನ ಅಮ್ಮ ತಾಳ್ಮೆಗೆಟ್ಟು, "ಆ ಝುಂಯ್ ಅನ್ನುವುದಾದರೂ ಇರಲಿ, ನನಗೆ ಅದೇ ಸಾಕು," ಎಂದು ಯಂತ್ರವನ್ನು ಅವರ ಕೈಗೆ ತುರುಕಿದರು. ಅಂದಿನಿಂದ ಮತ್ತೆ ಸ್ವಲ್ಪ ಸ್ವಲ್ಪ ಮಾತಾಡಿದರು.

ಕಳೆದ ಚಳಿಗಾಲದಲ್ಲಿ, ಒಂದು ಮಧ್ಯಾಹ್ನ, ಅವಳು ನಮ್ಮ ಮನೆಗೆ ಬಂದಳು. ಬಾಗಿಲು ತೆಗೆದದ್ದು ನಾನು. ಕೈಯಲ್ಲಿ ಚಾಕಲೇಟಿನ ಚೀಲ. ತೆಳ್ಳಗಾಗಿದ್ದಳು. "ಬೈಯು, ಆದ್ರ ಒಳಗ ಕರಿ," ಅಂದಳು.

ಅಪ್ಪ ಸೋಫಾದ ಮೇಲಿದ್ದರು. ಅವಳು ಹೋಗಿ ಅವರ ಕಾಲು ಮುಟ್ಟಿದಳು. ಎದುರಿಗೆ ನೆಲದ ಮೇಲೇ ಕೂತಳು. ಅಲ್ಲಿ ಎಲ್ಲ ಬೇಗ ಬೇಗ ಆಯಿತು, ಉತ್ತರ ಬರೆಯಲು ಮುಖವಿರಲಿಲ್ಲ, ಎಂದೆಲ್ಲ ಹೇಳಿದಳು. ಕಣ್ಣೀರು ಬಂತು. ಸುಳ್ಳು ಕಣ್ಣೀರು ಎಂದು ನನಗೆ ಅನಿಸಲಿಲ್ಲ. ಅದರಿಂದ ನನಗೆ ಇನ್ನೂ ಕಷ್ಟವಾಯಿತು.

"ಕಾಕಾ, ನಿಮ್ಮ ಹೆಸರು ಎಲ್ಲೂ ಹಾಕಿಲ್ಲ. ನಿಮ್ಮ ಧ್ವನಿ ಅಂತ ಯಾರಿಗೂ ಗೊತ್ತಾಗೂದಿಲ್ಲ," ಅಂದಳು, ಸಮಾಧಾನ ಹೇಳುವಂತೆ.

ಅಪ್ಪ ಯಂತ್ರ ಒತ್ತಿದರು. "ನನ್ನದು ಯಾವಾಗ ವಾಪಸ್ ಕೊಡ್ತಿ?"

ಅವಳು ತಲೆ ತಗ್ಗಿಸಿದಳು. "ಕೊಡಾಕ ಬರೂದಿಲ್ಲ ಕಾಕಾ. ಅಲ್ಲಿಯವರು ಭಾಳ ಮಂದಿ ಧ್ವನಿ ಕೂಡಿಸಿ ದೊಡ್ಡದೊಂದು ಮಾಡ್ಯಾರ. ಈಗ ಅದರಾಗಿಂದ ನಿಮ್ಮದೊಂದು ತಗಿಯೂದು ನನ್ನ ಕೈಯಾಗಿಲ್ಲ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವಳನ್ನು ಊಟಕ್ಕೆ ಏಳು ಅನ್ನಲಿಲ್ಲ. ಹದಿನೈದು ವರ್ಷಕ್ಕಿಂತ ಹೆಚ್ಚಿನ ಬಳಕೆಯಲ್ಲಿ ಅದೇ ಮೊದಲು.

ಅಪ್ಪ ಏನೋ ಹೇಳಿದರು. ಯಂತ್ರ ಗದ್ದದಿಂದ ಜಾರಿತ್ತೋ ಏನೋ, ಬರೀ ಝೇಂಕಾರ ಕೇಳಿಸಿತು. ಅವಳು ಮುಖ ಎತ್ತಿ, "ಏನಂದ್ರಿ ಕಾಕಾ?" ಎಂದು ಮುಂದೆ ಬಾಗಿದಳು. ಅವಳ ಮುಖದಲ್ಲಿ ಆಸೆಯಿತ್ತು. ನನಗೆ ಅಪ್ಪನ ತುಟಿ ಓದಲು ಬರುತ್ತದೆ, ಅವರು ಹೇಳಿದ್ದು ತಿಳಿದಿತ್ತು. ನಾನು ಬಾಯಿ ಬಿಡಲಿಲ್ಲ.

ಅಪ್ಪ ಯಂತ್ರವನ್ನು ಸರಿಯಾಗಿ ಇಟ್ಟುಕೊಂಡು, ಒಂದೊಂದೇ ಶಬ್ದವನ್ನು ಬಿಡಿಸಿ ಮತ್ತೆ ಹೇಳಿದರು. "ನೀನು ಇನ್ನು ಈ ಮನೆಗೆ ಬರಬೇಡ."

ಸಿಟ್ಟಿನ ಏರು ಇಲ್ಲ, ನೋವಿನ ತಗ್ಗು ಇಲ್ಲ. ಸ್ಟೇಷನ್ನಿನಲ್ಲಿ ಗಾಡಿ ತಡವಾಗಿದೆ ಎಂದು ಹೇಳಿದ ಹಾಗಿತ್ತು. ಅವಳಿಗೆ ಈ ಸಲ ಅರ್ಥವಾಯಿತು. ಎದ್ದಳು. ಚಾಕಲೇಟಿನ ಚೀಲವನ್ನು ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತು, ಅದನ್ನು ಮತ್ತೆ ತೆಗೆದುಕೊಂಡೇ ಹೋದಳು. ಲಿಫ್ಟಿನ ಬಾಗಿಲು ಎಳೆದ ಸದ್ದು ಕೇಳಿಸಿತು.

ಅಮ್ಮ ಬಾಗಿಲು ಹಾಕಿದರು. ಅಪ್ಪ ಯಂತ್ರವನ್ನು ಕೈಯಲ್ಲಿ ಹೊರಳಿಸಿ ನೋಡಿ, ಚಾರ್ಜಿಗೆ ಹಾಕಲು ನನ್ನ ಕಡೆ ಚಾಚಿದರು. ಹಾಕಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.